ಹದದ ಅಳತೆ: ಹೃದಯದ ಕವಾಟವಾದ ಅಂಗಾಂಶದ ಚರಿತ್ರೆ

ಹಂದಿಯ ಮಹಾಪಧಮನಿಯ ಕವಾಟವನ್ನೋ ದನದ ಹೃದಯವನ್ನು ಸುತ್ತಿಕೊಂಡಿರುವ ತೆಳುಪೊರೆಯನ್ನೋ ಮನುಷ್ಯನ ಹೃದಯದೊಳಗೆ ಹೊಲಿದು ಕೂರಿಸಿ, ಅದು ಹತ್ತು ಹದಿನೈದು ವರ್ಷ ಎಡೆಬಿಡದೆ ತೆರೆದು ಮುಚ್ಚುವಂತೆ ಮಾಡುವ ವಿದ್ಯೆ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಪ್ರಾಣಿಯ ದೇಹದಿಂದ ಬೇರ್ಪಟ್ಟ ಪೊರೆ ಹಾಗೆಯೇ ಇದ್ದರೆ ಕೊಳೆಯುತ್ತದೆ, ಬೇರೊಂದು ದೇಹದೊಳಗೆ ಹೋದರೆ ಆ ದೇಹ ಅದನ್ನು ಪರಕೀಯವೆಂದು ಗುರುತಿಸಿ ಕರಗಿಸಲು ತೊಡಗುತ್ತದೆ. ಇವೆರಡನ್ನೂ ತಡೆಯಲು ಪೊರೆಯನ್ನು ಮೊದಲೇ ಒಂದು ರಾಸಾಯನಿಕ ದ್ರಾವಣದಲ್ಲಿ ನೆನೆಹಾಕಿ ಅದರ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿಯಲಾಗುತ್ತದೆ. ಈ ಕೆಲಸ ಮಾಡುವ ರಾಸಾಯನಿಕವನ್ನು ಸ್ಥಿರೀಕಾರಕ ಎನ್ನುತ್ತಾರೆ. ಅಂಗಾಂಶವು ಸ್ಥಿರೀಕಾರಕವನ್ನು ಎಷ್ಟು ಹೀರಿಕೊಂಡಿತು, ಹೀರಿದ್ದರಲ್ಲಿ ಎಷ್ಟು ಭಾಗ ನಿಜವಾಗಿ ಬಂಧವಾಯಿತು, ಎಷ್ಟು ಭಾಗ ಬಂಧವಾಗದೆ ಒಳಗೇ ಉಳಿಯಿತು ಎಂಬ ಮೂರು ಪ್ರಶ್ನೆಗಳು ಮೇಲ್ನೋಟಕ್ಕೆ ಒಂದೇ ಎಂಬಂತೆ ಕಂಡರೂ ಬೇರೆಬೇರೆ ಎಂಬುದನ್ನು ತಿಳಿಯಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. ಜೈವಿಕ ಕವಾಟಗಳ ಚರಿತ್ರೆಯನ್ನು ಶಸ್ತ್ರವೈದ್ಯರ ಕೈಚಳಕದ ಕಥೆಯಾಗಿ ಬರೆಯುವುದು ವಾಡಿಕೆ. ಆದರೆ ಆ ಚರಿತ್ರೆಯ ಒಳಗೆ, ಚರ್ಮ ಹದ ಮಾಡುವವರ ಗುಂಡಿಗಳಿಂದ ಹೊರಟು ಶಸ್ತ್ರಚಿಕಿತ್ಸೆಯ ಕೊಠಡಿಯವರೆಗೆ ಬಂದ ಅಳತೆಯ ಚರಿತ್ರೆಯೊಂದು ಇದೆ, ಮತ್ತು ಕವಾಟಗಳ ಏಳುಬೀಳುಗಳಿಗೆ ಬಹುಪಾಲು ಕಾರಣ ಅಲ್ಲಿಯೇ ಸಿಗುತ್ತದೆ.

ತೊಗಲು ಚರ್ಮವಾಗುವುದು ಹೇಗೆ ಎಂಬ ಪ್ರಶ್ನೆಗೂ ಈ ಅಳತೆಗೂ ಇರುವ ಸಂಬಂಧ ಬರಿಯ ಹೋಲಿಕೆಯದಲ್ಲ, ವಸ್ತು ಒಂದೇ. ತೊಗಲು, ಕವಾಟದ ಪದರ, ಹೃದಯದ ಹೊರಪೊರೆ ಮೂರರಲ್ಲಿಯೂ ಬಲ ಕೊಡುವ ಮುಖ್ಯ ಪ್ರೋಟೀನು ಕೊಲಾಜೆನ್ ಎಂಬ ನಾರು. ದಕ್ಷಿಣ ಭಾರತದ ಹದಗಾರರು ತಂಗಡಿ ತೊಗಟೆ, ಜಾಲಿ ಚಕ್ಕೆ, ಅಳಲೆಕಾಯಿಗಳ ಕಷಾಯದಲ್ಲಿ ತೊಗಲನ್ನು ವಾರಗಟ್ಟಲೆ ನೆನೆಹಾಕುತ್ತಿದ್ದಾಗ ಆಗುತ್ತಿದ್ದುದು, ಆ ಕಷಾಯದ ಒಗರು ಪದಾರ್ಥವಾದ ಟ್ಯಾನಿನ್ ಕೊಲಾಜೆನ್ ನಾರುಗಳ ನಡುವೆ ಹೊಕ್ಕು ಅವನ್ನು ಹಿಡಿದು ನಿಲ್ಲಿಸುವುದೇ. ಹದ ಮುಗಿಯಿತೇ ಇಲ್ಲವೇ ಎಂದು ತಿಳಿಯಲು ಹದಗಾರರು ಎಲ್ಲೆಡೆಯೂ ಒಂದೇ ಉಪಾಯವನ್ನು ಅನುಸರಿಸಿದರು: ತೊಗಲಿನ ದಪ್ಪ ಭಾಗದ ಅಂಚನ್ನು ಚೂರಿಯಿಂದ ಕೊಯ್ದು, ಕೊಯ್ದ ಮುಖವನ್ನು ಬೆಳಕಿಗೆ ಹಿಡಿದು, ಎರಡೂ ಬದಿಯಿಂದ ಒಳಗೆ ಸಾಗಿದ ಕಂದು ಬಣ್ಣ ನಡುವಿನಲ್ಲಿ ಕೂಡಿದೆಯೇ ಅಥವಾ ಮಧ್ಯದಲ್ಲಿ ಮಾಸಲು ಬಿಳಿಯ ಹಸಿಗೆರೆ ಇನ್ನೂ ಉಳಿದಿದೆಯೇ ಎಂದು ನೋಡುವುದು. ಈ ಪರೀಕ್ಷೆಯಲ್ಲಿ ಅಂಕಿ ಇರಲಿಲ್ಲ, ಆದರೆ ರಾಸಾಯನಿಕವು ಒಟ್ಟು ಎಷ್ಟು ಹೋಯಿತು ಎಂಬುದಕ್ಕಿಂತ ಎಲ್ಲಿಯವರೆಗೆ ಹೋಯಿತು ಎಂಬುದೇ ಮುಖ್ಯವೆಂಬ ಅರಿವು ಇತ್ತು. ಮುಂದೆ ಪ್ರಯೋಗಾಲಯಗಳು ಕೆಲವು ಕಾಲ ಮರೆತು, ಮತ್ತೆ ಕಷ್ಟಪಟ್ಟು ಕಲಿತುಕೊಂಡದ್ದು ಈ ಅರಿವನ್ನೇ.

ಅಂಕಿಯನ್ನು ತಂದವರಲ್ಲಿ ಮೊದಲಿಗರಾಗಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯವರನ್ನು ಹೆಸರಿಸಬೇಕು. ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿದ್ದಾಗ ಚರ್ಮೋದ್ಯಮಕ್ಕಾಗಿ ಒಗರು ಸಸ್ಯಗಳನ್ನು ಪರೀಕ್ಷಿಸಿದ ಅವರು 1803ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಟ್ಯಾನಿನ್ ಜೆಲಟಿನ್ ದ್ರಾವಣದೊಡನೆ ಸೇರಿ ಗಸಿಯಾಗಿ ತಳಕ್ಕಿಳಿಯುವ ಗುಣವನ್ನು ಬಳಸಿಕೊಂಡು, ಆ ಗಸಿಯನ್ನು ಒಣಗಿಸಿ ತೂಗಿ, ಯಾವ ತೊಗಟೆಯಲ್ಲಿ ಎಷ್ಟು ಟ್ಯಾನಿನ್ ಇದೆ ಎಂದು ಲೆಕ್ಕ ಹಾಕಿದರು; ತೊಗಲು ಹದವಾದಾಗ ಅದರ ತೂಕ ಎಷ್ಟು ಏರುತ್ತದೆ ಎಂಬುದನ್ನೂ ಪರಿಶೀಲಿಸಿದರು. ಅವರ ಮೇಜಿನ ಮೇಲಿದ್ದ ಮಾದರಿಗಳಲ್ಲಿ ಮುಂಬಯಿಯಿಂದಲೂ ಬಂಗಾಳದಿಂದಲೂ ಹೋದ ಕಾಚು ಇತ್ತು. ಕನ್ನಡನಾಡಿನಲ್ಲಿ ಎಲೆ ಅಡಿಕೆಯೊಡನೆ ಬಾಯಿಗೆ ಹಾಕಿಕೊಳ್ಳುವ ಈ ಪದಾರ್ಥದ ತೂಕದಲ್ಲಿ ಸುಮಾರು ಅರ್ಧದಷ್ಟು ಟ್ಯಾನಿನ್ನೇ ಎಂದು ಕಂಡುಕೊಂಡ ಡೇವಿ, ಓಕ್ ತೊಗಟೆಗಿಂತ ಅದು ಎಷ್ಟೋ ಪಟ್ಟು ಬಲವಾದದ್ದೆಂದು ತೀರ್ಮಾನಿಸಿದರು. 1891ರಲ್ಲಿ ಲೀಡ್ಸ್ ನಗರದ ಯಾರ್ಕ್‌ಷೈರ್ ಕಾಲೇಜಿನಲ್ಲಿ ಚರ್ಮೋದ್ಯಮದ ವಿಭಾಗ ಆರಂಭವಾಗಿ ಅದನ್ನು ಹೆನ್ರಿ ರಿಚರ್ಡ್‌ಸನ್ ಪ್ರಾಕ್ಟರ್ ವಹಿಸಿಕೊಂಡ ಕಾಲಕ್ಕೆ ಈ ಅಳತೆ ಇನ್ನಷ್ಟು ಖಚಿತವಾಯಿತು. ಪುಡಿಮಾಡಿದ ತೊಗಲನ್ನು ಕಷಾಯದೊಳಗೆ ಹಾಕಿ, ಮೊದಲು ಕಷಾಯದಲ್ಲಿದ್ದ ಘನಪದಾರ್ಥವೆಷ್ಟು, ತೊಗಲಿನ ಪುಡಿ ಹೀರಿಕೊಂಡ ಮೇಲೆ ಉಳಿದದ್ದೆಷ್ಟು ಎಂದು ಅಳೆದು, ಕಳೆದುಹೋದ ಮೊತ್ತವನ್ನು ಟ್ಯಾನಿನ್ ಎಂದು ಎಣಿಸುವುದು ಆ ವಿಧಾನ. ದ್ರಾವಣದಲ್ಲಿ ಕಡಿಮೆಯಾದದ್ದು ಅಂಗಾಂಶಕ್ಕೆ ಸೇರಿರಲೇಬೇಕು ಎಂಬ ಈ ತರ್ಕವೇ ಹಲವು ದಶಕಗಳ ಅನಂತರ ಕವಾಟದ ಪ್ರಯೋಗಾಲಯಗಳಲ್ಲಿ ಹೀರಿಕೆಯನ್ನು ಅಳೆಯುವ ಮೊದಲ ದಾರಿಯಾಯಿತು.

ಚರ್ಮೋದ್ಯಮದಿಂದ ಬಂದ ಇನ್ನೊಂದು ಅಳತೆ ಕುಗ್ಗುವ ಉಷ್ಣತೆಯದು. ಹಸಿ ತೊಗಲಿನ ಸಣ್ಣ ಪಟ್ಟಿಯೊಂದನ್ನು ನೀರಿನೊಳಗೆ ತೂಗುಹಾಕಿ, ತುದಿಗೆ ಚಿಕ್ಕ ತೂಕವನ್ನು ಕಟ್ಟಿ, ನೀರನ್ನು ನಿಧಾನವಾಗಿ ಕಾಯಿಸುತ್ತ ಹೋದರೆ, ಒಂದು ಹಂತದಲ್ಲಿ ಪಟ್ಟಿ ಇದ್ದಕ್ಕಿದ್ದಂತೆ ಮುದುಡಿ ತನ್ನ ಉದ್ದದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಕೊಲಾಜೆನ್ನಿನ ಸುರುಳಿ ಬಿಚ್ಚಿಕೊಂಡು ಅದು ಜೆಲಟಿನ್ನಿನ ಸ್ಥಿತಿಗೆ ಇಳಿಯುವ ಕ್ಷಣ ಅದು. ಹದ ಮಾಡದ ಅಂಗಾಂಶದಲ್ಲಿ ಇದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಗುತ್ತದೆ, ನಾರುಗಳ ನಡುವೆ ಬಂಧ ಹೆಚ್ಚಿದಷ್ಟೂ ಈ ಉಷ್ಣತೆ ಏರುತ್ತದೆ, ಚೆನ್ನಾಗಿ ಹದವಾದ ಕ್ರೋಮ್ ಚರ್ಮವಂತೂ ಕುದಿಯುವ ನೀರನ್ನೂ ತಾಳಿಕೊಳ್ಳುತ್ತದೆ. ರಾಸಾಯನಿಕ ಎಷ್ಟು ಒಳಗೆ ಹೋಯಿತು ಎಂದು ಇದು ಹೇಳುವುದಿಲ್ಲ, ಹೋದದ್ದು ಏನು ಮಾಡಿತು ಎಂದು ಹೇಳುತ್ತದೆ.

ಕೊಲಾಜೆನ್ನಿನ ಈ ಸುರುಳಿಯ ರೂಪವನ್ನು ಬಿಡಿಸಿದ ಸಂಶೋಧನೆ ನಡೆದದ್ದು ಮದರಾಸಿನಲ್ಲಿ ಎಂಬುದು ದಕ್ಷಿಣ ಭಾರತದ ಓದುಗರು ನೆನಪಿಡಬೇಕಾದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ್ದ ಜಿ.ಎನ್. ರಾಮಚಂದ್ರನ್ 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾದರು. ಅಲ್ಲಿ ಗೋಪಿನಾಥ್ ಕರ್ತಾ ಅವರೊಡನೆ ಸೇರಿ 1954-55ರಲ್ಲಿ, ಮೂರು ಪ್ರೋಟೀನು ಎಳೆಗಳು ಒಂದನ್ನೊಂದು ಸುತ್ತಿಕೊಂಡು ಕೊಲಾಜೆನ್ ಆಗುತ್ತದೆ ಎಂಬ ತ್ರಿಸುರುಳಿಯ ಮಾದರಿಯನ್ನು ಮುಂದಿಟ್ಟರು. ನೆರೆಯಲ್ಲೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವು ಈ ಕೆಲಸಕ್ಕೆ ಒದಗಿತ್ತು. 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿದ ರಾಮಚಂದ್ರನ್ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು. ಸ್ಥಿರೀಕಾರಕದ ದೃಷ್ಟಿಯಿಂದ ಈ ಮಾದರಿಯ ಮಹತ್ವ ಇಷ್ಟು: ಎಳೆಯ ಪ್ರತಿ ಮೂರನೆಯ ಸ್ಥಾನದಲ್ಲಿರುವ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಸುರುಳಿಯ ಒಳಮೈಯಲ್ಲಿ ಅಡಗಿದರೆ, ಲೈಸೀನ್‌ನಂಥ ಉದ್ದ ಬಾಲದ ಅಮೈನೋ ಆಮ್ಲಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ಲೈಸೀನ್ ಬಾಲದ ತುದಿಯಲ್ಲಿರುವ ಅಮೈನೋ ಗುಂಪೇ ಆಲ್ಡಿಹೈಡ್ ಜಾತಿಯ ರಾಸಾಯನಿಕಗಳು ಹಿಡಿಯುವ ಕೊಕ್ಕೆ. ಕೊಲಾಜೆನ್ನಿನ ಸಾವಿರ ಅಮೈನೋ ಆಮ್ಲಗಳಲ್ಲಿ ಇಂಥ ಕೊಕ್ಕೆ ಇರುವವು, ಹೈಡ್ರಾಕ್ಸಿಲೈಸೀನನ್ನೂ ಸೇರಿಸಿ, ಸುಮಾರು 30 ಮಾತ್ರ. ಎಲ್ಲ ಅಳತೆಯೂ ಕೊನೆಗೆ ಬಂದು ನಿಲ್ಲುವುದು ಈ ಸಣ್ಣ ಸಂಖ್ಯೆಯ ಮೇಲೆ.

ಆಲ್ಡಿಹೈಡ್‌ಗಳಲ್ಲಿ ಮೊದಲು ಬಳಕೆಗೆ ಬಂದದ್ದು ಫಾರ್ಮಾಲ್ಡಿಹೈಡ್. 1893ರಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಫರ್ಡಿನಾಂಡ್ ಬ್ಲುಮ್, ಅದರ ಕ್ರಿಮಿನಾಶಕ ಗುಣವನ್ನು ಪರೀಕ್ಷಿಸುತ್ತಿದ್ದಾಗ ತಮ್ಮ ಬೆರಳುಗಳ ಚರ್ಮವೇ ಗಡುಸಾದದ್ದನ್ನು ಗಮನಿಸಿ, ಅದು ಅಂಗಾಂಶವನ್ನು ಸ್ಥಿರಗೊಳಿಸಬಲ್ಲದೆಂದು ತೋರಿಸಿದರು. ಅಂದಿನಿಂದ ಶವಪರೀಕ್ಷೆಯ ಕೋಣೆಗಳಲ್ಲಿ, ವೈದ್ಯಕೀಯ ಕಾಲೇಜುಗಳ ಗಾಜಿನ ಜಾಡಿಗಳಲ್ಲಿ ಅದರ ದ್ರಾವಣವಾದ ಫಾರ್ಮಲಿನ್ ನೆಲೆಯಾಯಿತು. ಜಾಡಿಯೊಳಗಿನ ಅಂಗ ದ್ರಾವಣದಲ್ಲೇ ಮುಳುಗಿರುವುದರಿಂದ ಬಂಧಗಳು ಎಷ್ಟು ಗಟ್ಟಿ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಫಾರ್ಮಾಲ್ಡಿಹೈಡ್ ಕಟ್ಟುವ ಬಂಧಗಳಲ್ಲಿ ಬಹುಭಾಗ ಹಿಂದಕ್ಕೆ ಬಿಚ್ಚಿಕೊಳ್ಳಬಲ್ಲವು, ನೀರಿನಲ್ಲಿ ತೊಳೆದರೆ ರಾಸಾಯನಿಕ ಮೆಲ್ಲಮೆಲ್ಲಗೆ ಹೊರಬರುತ್ತದೆ. ನಿಮಿಷಕ್ಕೆ ಐದು ಲೀಟರು ರಕ್ತ ಹರಿಯುವ ಹೃದಯದಲ್ಲಿ ಇದರ ಪರಿಣಾಮ ಏನಾದೀತು ಎಂಬುದು 1965ರವರೆಗೆ ಯಾರಿಗೂ ನೇರವಾಗಿ ಎದುರಾಗದ ಸಮಸ್ಯೆ.

ಆ ಹೊತ್ತಿಗೆ ಕೆಟ್ಟ ಕವಾಟವನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆ ಎರಡು ದಾರಿ ಹಿಡಿದಿತ್ತು. 1960ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಆಲ್ಬರ್ಟ್ ಸ್ಟಾರ್ ಅವರು ಎಂಜಿನಿಯರ್ ಲೊವೆಲ್ ಎಡ್ವರ್ಡ್ಸ್ ರೂಪಿಸಿದ ಚೆಂಡು-ಪಂಜರದ ಯಾಂತ್ರಿಕ ಕವಾಟವನ್ನು ಅಳವಡಿಸಿದರು. ಅದು ಬಾಳಿಕೆ ಬರುತ್ತಿತ್ತು, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯವಿದ್ದುದರಿಂದ ರೋಗಿ ಜೀವನಪೂರ್ತಿ ಹೆಪ್ಪುರೋಧಕ ಔಷಧ ಸೇವಿಸಬೇಕಿತ್ತು. 1962ರಲ್ಲಿ ಲಂಡನ್ನಿನಲ್ಲಿ ಡೊನಾಲ್ಡ್ ರಾಸ್, ಕೆಲವೇ ವಾರಗಳಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಬ್ರಯನ್ ಬ್ಯಾರಟ್-ಬಾಯ್ಸ್, ಸತ್ತ ಮನುಷ್ಯರ ದೇಹದಿಂದ ತೆಗೆದ ಕವಾಟವನ್ನು ರೋಗಿಗಳಿಗೆ ಹೊಲಿದರು. ಹೆಪ್ಪಿನ ತೊಂದರೆ ಕಡಿಮೆಯಾಯಿತು, ಬೇಕಾದಷ್ಟು ಕವಾಟ ಸಿಗುವುದು ಮಾತ್ರ ಕಷ್ಟವಾಯಿತು. ಈ ಕೊರತೆಯನ್ನು ನೀಗಲೆಂದೇ ಪ್ಯಾರಿಸ್ಸಿನಲ್ಲಿ ಝಾನ್-ಪಾಲ್ ಬಿನೆ, ಅಲೇನ್ ಕಾರ್ಪಾಂಟಿಯೇ ಮತ್ತು ಸಂಗಡಿಗರು 1965ರಲ್ಲಿ ಹಂದಿಯ ಕವಾಟವನ್ನು ಮನುಷ್ಯರಿಗೆ ಅಳವಡಿಸಿದರು. ಮೊದಮೊದಲು ಕವಾಟಗಳನ್ನು ಕಾಪಿಡಲು ಬಳಸಿದ್ದು ಪಾದರಸದ ಸಂಯುಕ್ತ ಮತ್ತು ಫಾರ್ಮಾಲ್ಡಿಹೈಡ್. ಕೆಲಸ ಆರಂಭದಲ್ಲಿ ಸರಿಯಾಗಿಯೇ ನಡೆದು, ಕೆಲವು ತಿಂಗಳಿಂದ ಕೆಲವು ವರ್ಷಗಳೊಳಗೆ ಬಹುಪಾಲು ಕವಾಟಗಳು ಸೋರತೊಡಗಿದವು. ತೆಗೆದು ನೋಡಿದಾಗ ಉರಿಯೂತದ ಜೀವಕೋಶಗಳು ಅವುಗಳೊಳಗೆ ನುಗ್ಗಿದ್ದು, ಕೊಲಾಜೆನ್ ನಾರುಗಳು ಶಿಥಿಲವಾಗಿದ್ದು ಕಂಡಿತು.

ಕಾರ್ಪಾಂಟಿಯೇ ಅವರ ದೊಡ್ಡತನವಿರುವುದು ಈ ಸೋಲನ್ನು ಹೊಲಿಗೆಯ ದೋಷವೆಂದು ತಳ್ಳಿಹಾಕದೆ ರಾಸಾಯನಿಕದ ದೋಷವೆಂದು ಗುರುತಿಸಿದುದರಲ್ಲಿ. ಶಸ್ತ್ರವೈದ್ಯರಾಗಿ ಹೆಸರು ಮಾಡುತ್ತಿದ್ದವರು ಅದಕ್ಕಾಗಿ ಜೀವರಸಾಯನಶಾಸ್ತ್ರದ ಅಭ್ಯಾಸಕ್ಕೆ ಕುಳಿತರು, ಹಲವು ಅಡ್ಡಬಂಧಕ ಪದಾರ್ಥಗಳನ್ನು ಪರೀಕ್ಷಿಸಿದರು, ಮತ್ತು 1968ರಲ್ಲಿ ಗ್ಲುಟರಾಲ್ಡಿಹೈಡ್‌ನಿಂದ ಸ್ಥಿರಗೊಳಿಸಿದ ಕವಾಟವನ್ನು ಮನುಷ್ಯರಲ್ಲಿ ಬಳಸಿದರು. ಮರುವರ್ಷ ಪ್ರಕಟವಾದ ಅವರ ಪ್ರಬಂಧ ಈ ಕ್ಷೇತ್ರದ ತಳಹದಿಯಾಯಿತು. ಪ್ರಾಣಿಯ ಅಂಗಾಂಶ ಮತ್ತು ಮನುಷ್ಯ ನಿರ್ಮಿತ ಚೌಕಟ್ಟು ಎರಡೂ ಸೇರಿದ ಈ ಸಾಧನವನ್ನು ಜೈವಿಕ ಕೃತಕಾಂಗ ಎಂಬ ಅರ್ಥದ ಹೊಸ ಹೆಸರಿನಿಂದ ಕರೆದವರೂ ಅವರೇ. 2007ರಲ್ಲಿ ಕಾರ್ಪಾಂಟಿಯೇ ಮತ್ತು ಸ್ಟಾರ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಜೊತೆಯಾಗಿ ಸಂದಿತು.

ಗ್ಲುಟರಾಲ್ಡಿಹೈಡ್ ಐದು ಇಂಗಾಲದ ಪರಮಾಣುಗಳ ಸರಪಳಿ. ಎರಡು ತುದಿಯಲ್ಲಿಯೂ ಆಲ್ಡಿಹೈಡ್ ಗುಂಪು ಇರುವುದರಿಂದ ಅದು ಒಂದು ಕೊಲಾಜೆನ್ ಎಳೆಯ ಅಮೈನೋ ಗುಂಪನ್ನು ಒಂದು ಕೈಯಲ್ಲಿ, ಪಕ್ಕದ ಎಳೆಯದನ್ನು ಇನ್ನೊಂದು ಕೈಯಲ್ಲಿ ಹಿಡಿಯಬಲ್ಲದು. ಕಾರ್ಪಾಂಟಿಯೇ ಅವರ ಕೈಗೆ ಅದು ಬರುವ ಮೊದಲೇ ಎರಡು ಕಡೆ ಅದರ ಪರಿಚಯ ಆಗಿತ್ತು. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಬೆವರಿಗೂ ತೊಳೆತಕ್ಕೂ ಹಾಳಾಗದ ಚರ್ಮ ತಯಾರಿಸಲು ಅದನ್ನು ಬಳಸಿ ನೋಡಿದ್ದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಸಬಟಿನಿ, ಬೆನ್ಷ್, ಬಾರ್ನೆಟ್ ಎಂಬ ಮೂವರು 1963ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ಜೀವಕೋಶದ ಒಳರಚನೆಯನ್ನು ಕೆಡದಂತೆ ಉಳಿಸಲು ಅದು ಉತ್ತಮವೆಂದು ತೋರಿಸಿದ್ದರು. ಬ್ರಿಟನ್ನಿನ ಚರ್ಮ ತಯಾರಕರ ಸಂಶೋಧನಾ ಸಂಘದಲ್ಲಿ ಜೋನ್ ಬೋಸ್ ಮತ್ತು ಸಿ.ಡಬ್ಲ್ಯು. ಕೇಟರ್ 1966 ಮತ್ತು 1968ರಲ್ಲಿ ಪ್ರಕಟಿಸಿದ ಪ್ರಬಂಧಗಳು ಕೊಲಾಜೆನ್ ಬೇರೆಬೇರೆ ಆಲ್ಡಿಹೈಡ್‌ಗಳನ್ನು ಎಷ್ಟೆಷ್ಟು ಹಿಡಿಯುತ್ತದೆ ಎಂದು ಅಳೆದು ಹೋಲಿಸಿದವು. ಹೃದಯದ ಕವಾಟದ ಪ್ರಬಂಧಗಳು ಇಂದಿಗೂ ಚರ್ಮದ ರಸಾಯನಶಾಸ್ತ್ರಜ್ಞರಾದ ಇವರಿಬ್ಬರನ್ನು ಉಲ್ಲೇಖಿಸುತ್ತವೆ, ಶಸ್ತ್ರವೈದ್ಯದ ಚರಿತ್ರೆಗಳು ಮಾತ್ರ ಅವರ ಹೆಸರನ್ನು ಎತ್ತುವುದು ವಿರಳ. ಇದು ಸರಿಪಡಿಸಬೇಕಾದ ಲೋಪ.

ಅಳತೆ ಏಕೆ ಕಷ್ಟ ಎಂಬುದು ದ್ರಾವಣದ ಸ್ವಭಾವದಿಂದಲೇ ಆರಂಭವಾಗುತ್ತದೆ. ನೀರಿನಲ್ಲಿ ಕರಗಿದ ಗ್ಲುಟರಾಲ್ಡಿಹೈಡ್ ಒಂದೇ ರೂಪದಲ್ಲಿ ಇರುವುದಿಲ್ಲ: ಕೆಲವು ಅಣುಗಳು ಬಿಡಿಯಾಗಿ, ಕೆಲವು ನೀರಿನೊಡನೆ ಕೂಡಿ ಉಂಗುರವಾಗಿ, ಇನ್ನು ಕೆಲವು ಒಂದಕ್ಕೊಂದು ಜೋಡಿಸಿಕೊಂಡು ಉದ್ದದ ಸರಪಳಿಯಾಗಿ ಇರುತ್ತವೆ, ಮತ್ತು ದ್ರಾವಣ ಹಳೆಯದಾದಂತೆ, ಅದರ ಕ್ಷಾರೀಯತೆ ಏರಿದಂತೆ ಸರಪಳಿಗಳು ಹೆಚ್ಚುತ್ತವೆ. ಬಿಡಿ ಅಣು 280 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಬೆಳಕನ್ನು ಹೀರುತ್ತದೆ, ಜೋಡಿಕೆಗೊಂಡ ರೂಪ 235 ನ್ಯಾನೋಮೀಟರಿನಲ್ಲಿ ಬಲವಾಗಿ ಹೀರುತ್ತದೆ. ಇವೆರಡರ ಅನುಪಾತ ನೋಡಿ ದ್ರಾವಣ ಎಷ್ಟು ಶುದ್ಧ ಎಂದು ನಿರ್ಣಯಿಸುವ ಪದ್ಧತಿ 1960ರ ದಶಕದಲ್ಲಿಯೇ ಬಂದಿತು. ಎರಡು ಪ್ರಯೋಗಾಲಯಗಳು ಒಂದೇ ಸಾಂದ್ರತೆಯ ದ್ರಾವಣವನ್ನು ಬಳಸಿಯೂ ಬೇರೆ ಫಲಿತಾಂಶ ಪಡೆಯಲು ಇದೊಂದು ಕಾರಣ. ಶೇಕಡಾ 0.2ರಿಂದ 0.6ರವರೆಗಿನ ತೆಳು ದ್ರಾವಣವನ್ನೇ ತಯಾರಕರು ಆರಿಸಿಕೊಂಡದ್ದೂ ಈ ಗುಣವನ್ನು ಅರಿತ ಮೇಲೆ: ದ್ರಾವಣ ಗಟ್ಟಿಯಾದಷ್ಟೂ ಪೊರೆಯ ಹೊರಮೈ ಬೇಗ ಬಿಗಿದುಕೊಂಡು, ಒಳಕ್ಕೆ ಹೋಗಬೇಕಾದ ಅಣುಗಳಿಗೆ ತಡೆಯಾಗುವ ಸಂಭವ ಹೆಚ್ಚುತ್ತದೆ.

ಹೀರಿಕೆಯನ್ನು ಅಳೆಯುವ ಸರಳ ದಾರಿ, ಪ್ರಾಕ್ಟರ್ ಕಾಲದ ತರ್ಕದಂತೆ, ಪೊರೆಯನ್ನು ಮುಳುಗಿಸುವ ಮೊದಲೂ ಅನಂತರವೂ ದ್ರಾವಣದಲ್ಲಿರುವ ಆಲ್ಡಿಹೈಡ್‌ನ ಪ್ರಮಾಣವನ್ನು ಟೈಟ್ರೇಷನ್ ಮೂಲಕ ಕಂಡುಕೊಂಡು ಕಳೆಯುವುದು. ಇದರಿಂದ ಬರುವ ಅಂಕಿ ಪೊರೆಯೊಳಗೆ ಹೋದ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಸೇರಿಸುತ್ತದೆ. ಬಂಧವಾದದ್ದು, ಒಂದು ಕೈ ಮಾತ್ರ ಹಿಡಿದು ಇನ್ನೊಂದು ಕೈ ಖಾಲಿ ಉಳಿದದ್ದು, ನಾರುಗಳ ನಡುವಿನ ನೀರಿನಲ್ಲಿ ಸುಮ್ಮನೆ ತೇಲುತ್ತಿರುವುದು, ಯಾವುದೂ ಬೇರೆಯಾಗಿ ಕಾಣುವುದಿಲ್ಲ. ಬಂಧದ ಲೆಕ್ಕ ಬೇಕಾದವರು ಇನ್ನೊಂದು ತುದಿಯಿಂದ ಹೊರಟರು, ಅಂದರೆ ಎಷ್ಟು ಅಮೈನೋ ಗುಂಪುಗಳು ಇನ್ನೂ ಬಿಡಿಯಾಗಿ ಉಳಿದಿವೆ ಎಂದು ಎಣಿಸಿದರು. ಇದಕ್ಕೆ ನೆರವಾದದ್ದು ಕೇಂಬ್ರಿಜ್‌ನ ಸೀಗ್‌ಫ್ರೀಡ್ ರುಹೆಮಾನ್ 1910ರಲ್ಲಿ ಕಂಡುಹಿಡಿದ ನಿನ್‌ಹೈಡ್ರಿನ್. ಸ್ಥಿರಗೊಳಿಸಿದ ಪೊರೆಯ ಚೂರೊಂದನ್ನು ಚೆನ್ನಾಗಿ ತೊಳೆದು, ಘನೀಕರಿಸಿ ಒಣಗಿಸಿ, ಕೆಲವೇ ಮಿಲಿಗ್ರಾಂ ತೂಗಿ, ನಿನ್‌ಹೈಡ್ರಿನ್ ದ್ರಾವಣದಲ್ಲಿ ಹಾಕಿ ಕುದಿನೀರಿನ ಬಿಸಿಯಲ್ಲಿ ಇಟ್ಟರೆ, ಬಿಡಿ ಅಮೈನೋ ಗುಂಪು ಇದ್ದಷ್ಟಕ್ಕೆ ತಕ್ಕಂತೆ ದ್ರಾವಣ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಸಿ ಪೊರೆಯ ಕೊಳವೆಯಲ್ಲಿ ಬಣ್ಣ ಕಡುನೇರಳೆ. ಪೂರ್ಣವಾಗಿ ಸ್ಥಿರಗೊಂಡ ಪೊರೆಯ ಕೊಳವೆಯಲ್ಲಿ ಅದು ಬಹಳ ಪೇಲವ. ಎರಡನ್ನೂ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 570 ನ್ಯಾನೋಮೀಟರ್ ಬೆಳಕಿಗೆ ಹಿಡಿದು ಅಳೆದಾಗ ಬರುವ ವ್ಯತ್ಯಾಸವೇ ಆಲ್ಡಿಹೈಡ್ ಆಕ್ರಮಿಸಿಕೊಂಡ ಕೊಕ್ಕೆಗಳ ಲೆಕ್ಕ. 1960ರ ದಶಕದಲ್ಲಿ ಬಂದ ಟ್ರೈನೈಟ್ರೋಬೆಂಜೀನ್ ಸಲ್ಫೋನಿಕ್ ಆಮ್ಲದ ವಿಧಾನವೂ ಇದೇ ಕೆಲಸವನ್ನು ಹಳದಿ ಬಣ್ಣದ ಮೂಲಕ ಮಾಡುತ್ತದೆ.

ಈ ಎರಡು ಲೆಕ್ಕಗಳು ಒಂದಕ್ಕೊಂದು ತಾಳೆಯಾಗಬೇಕೆಂದು ನಿರೀಕ್ಷಿಸಿದವರಿಗೆ ಸಿಕ್ಕ ಉತ್ತರ ಬೇರೆ. ಆಕ್ರಮಿತವಾದ ಪ್ರತಿ ಅಮೈನೋ ಗುಂಪಿಗೆ ಒಂದಲ್ಲ, ಹಲವು ಗ್ಲುಟರಾಲ್ಡಿಹೈಡ್ ಅಣುಗಳು ಅಂಗಾಂಶದೊಳಗೆ ಸೇರಿರುವುದು ಕಂಡುಬಂದಿತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಚೆಯುಂಗ್ ಮತ್ತು ಮಾರ್ಸೆಲ್ ನಿಮ್ನಿ ಪ್ರಕಟಿಸಿದ ಪ್ರಬಂಧಮಾಲೆ ಇದಕ್ಕೆ ವಿವರಣೆ ಕೊಟ್ಟಿತು: ಅಮೈನೋ ಗುಂಪಿಗೆ ಅಂಟಿಕೊಂಡ ಒಂದು ಅಣುವಿಗೆ ಮತ್ತೊಂದು, ಅದಕ್ಕೆ ಮಗದೊಂದು ಸೇರಿ ಸರಪಳಿ ಬೆಳೆಯುತ್ತದೆ, ಮತ್ತು ನಾರಿನ ಹೊರಮೈಯಲ್ಲಿ ಹೀಗೆ ಬೆಳೆದ ಸರಪಳಿಗಳು ಒಳಗಿನ ಕೊಕ್ಕೆಗಳತ್ತ ಹೋಗುವ ದಾರಿಗೆ ಅಡ್ಡಿಯಾಗುತ್ತವೆ. ಆದುದರಿಂದ ಹೆಚ್ಚು ಹೀರಿದ ಅಂಗಾಂಶ ಹೆಚ್ಚು ಬಂಧಗೊಂಡಿದೆ ಎಂದು ಹೇಳಲಾಗದು. ಕುಗ್ಗುವ ಉಷ್ಣತೆಯಾದರೂ ಕೈಹಿಡಿದೀತೇ ಎಂದರೆ, ಅದರ ಮಿತಿ ಇನ್ನೊಂದು ಬಗೆಯದು. ಹೃದಯದ ಹೊರಪೊರೆಯಲ್ಲಿ ಅದು ಸುಮಾರು 65ರಿಂದ 85 ಡಿಗ್ರಿಯ ಆಸುಪಾಸಿಗೆ ಬೇಗನೆ ಏರಿ ನಿಂತುಬಿಡುತ್ತದೆ, ಅದಾದ ಮೇಲೂ ಗಂಟೆಗಟ್ಟಲೆ, ದಿನಗಟ್ಟಲೆ ಹೀರಿಕೆ ಮುಂದುವರಿಯುತ್ತಿದ್ದರೂ ಉಷ್ಣತೆ ಅದನ್ನು ತೋರಿಸುವುದಿಲ್ಲ. ಈ ಮೂರು ಅಳತೆಗಳಲ್ಲಿ ಒಂದನ್ನೇ ನಂಬಿದ ಯಾವುದೇ ಪ್ರಬಂಧವನ್ನು ಎಚ್ಚರಿಕೆಯಿಂದ ಓದಬೇಕು.

ರಾಸಾಯನಿಕದ ಅಳತೆಗೆ ಸಿಗದ ಸಂಗತಿಯೊಂದು ಆಕ್ಲೆಂಡಿನಿಂದ ಬಂದಿತು. ಕವಾಟದ ಪದರಗಳಲ್ಲಿ ಕೊಲಾಜೆನ್ ನಾರುಗಳು ನೇರವಾಗಿ ಇರದೆ ಸಣ್ಣ ಅಲೆಗಳಾಗಿ ಮಡಿಸಿಕೊಂಡಿರುತ್ತವೆ. ಕವಾಟ ಮುಚ್ಚಿ ರಕ್ತದ ಒತ್ತಡ ಬಿದ್ದಾಗ ಆ ಮಡಿಕೆಗಳು ಬಿಚ್ಚಿ, ತೆರೆದಾಗ ಮತ್ತೆ ಮಡಿಯುತ್ತವೆ. ಮೊದಲ ತಲೆಮಾರಿನ ಹಂದಿ ಕವಾಟಗಳನ್ನು ಮುಚ್ಚಿದ ಆಕಾರದಲ್ಲಿ ನಿಲ್ಲಿಸಲೆಂದು ದೇಹದ ರಕ್ತದೊತ್ತಡಕ್ಕೆ ಹತ್ತಿರವಾದ ಒತ್ತಡದಲ್ಲಿ ಸ್ಥಿರಗೊಳಿಸುತ್ತಿದ್ದರು. ನೀಲ್ ಬ್ರೂಮ್ ಮತ್ತು ಥಾಮ್ಸನ್ 1979ರಲ್ಲಿ ತೋರಿಸಿದಂತೆ, ಹಾಗೆ ಮಾಡಿದರೆ ಮಡಿಕೆಗಳು ನೇರವಾದ ಸ್ಥಿತಿಯಲ್ಲೇ ಶಾಶ್ವತವಾಗಿ ಬಿಗಿದುಹೋಗಿ, ಪದರ ಬಾಗುವಾಗ ನಾರುಗಳು ಮುರಿಯುತ್ತವೆ. ಪಾದರಸದ 4 ಮಿಲಿಮೀಟರಿಗಿಂತ ಕಡಿಮೆ ಒತ್ತಡದಲ್ಲಿ ಸ್ಥಿರಗೊಳಿಸಿದರೆ ಮಡಿಕೆ ಉಳಿಯುತ್ತದೆ. ಎರಡೂ ಬಗೆಯ ಪದರಗಳು ಒಂದೇ ದ್ರಾವಣದಲ್ಲಿ ನೆಂದು, ಸರಿಸುಮಾರು ಒಂದೇ ಪ್ರಮಾಣದ ಸ್ಥಿರೀಕಾರಕವನ್ನು ಹೀರಿರಬಹುದು, ಆದರೆ ಬಾಳಿಕೆ ಒಂದೇ ಅಲ್ಲ. ತಯಾರಕರು ಮುಂದೆ ಕಡಿಮೆ ಒತ್ತಡಕ್ಕೂ, ಒತ್ತಡವೇ ಇಲ್ಲದ ಸ್ಥಿರೀಕರಣಕ್ಕೂ ಹೊರಳಿದರು. ಇದಕ್ಕೂ ಮೊದಲು, 1971ರಲ್ಲಿ, ಪ್ರಾಕ್ಟರ್ ಚರ್ಮಶಾಸ್ತ್ರವನ್ನು ಕಲಿಸಿದ್ದ ಅದೇ ಲೀಡ್ಸ್ ನಗರದಲ್ಲಿ ಮಾರಿಯನ್ ಅಯೊನೆಸ್ಕು ಇಡೀ ಕವಾಟದ ಬದಲು ದನದ ಹೃದಯದ ಹೊರಪೊರೆಯನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಕತ್ತರಿಸಿ, ಚೌಕಟ್ಟಿಗೆ ಹೊಲಿದು ಕವಾಟ ಮಾಡಿದ್ದರು. ಪೊರೆ ಚಪ್ಪಟೆಯಾದ ಹಾಳೆಯಾದುದರಿಂದ ಅದರ ದಪ್ಪವನ್ನೂ ಹೀರಿಕೆಯನ್ನೂ ಸಮನಾಗಿ ಅಳೆಯುವುದು ಸುಲಭವಾಯಿತು. ಆ ಕವಾಟದ ಮೊದಲ ಮಾದರಿಗಳು ಹೊಲಿಗೆಯ ಬಳಿ ಹರಿದು ಸೋತರೂ ಹೊರಪೊರೆಯೇ ಮುಂದೆ ಈ ಕ್ಷೇತ್ರದ ಮುಖ್ಯ ಕಚ್ಚಾವಸ್ತುವಾಯಿತು. 2002ರಲ್ಲಿ ಫ್ರಾನ್ಸಿನ ರೂಆನ್‌ನಲ್ಲಿ ಅಲೇನ್ ಕ್ರಿಬಿಯೇ ಎದೆಯನ್ನು ತೆರೆಯದೆ ರಕ್ತನಾಳದ ಮೂಲಕ ಕೂರಿಸಿದ ಮೊದಲ ಮಹಾಪಧಮನಿಯ ಕವಾಟದ ಪದರಗಳೂ ಅದರವೇ.

ಅತ್ಯಂತ ನೋವಿನ ಪಾಠ ಬಂದದ್ದು ಮಕ್ಕಳಿಂದ. 1970ರ ದಶಕದ ಕೊನೆಯ ಹೊತ್ತಿಗೆ, ವಯಸ್ಸಾದವರಲ್ಲಿ ವರ್ಷಾನುಗಟ್ಟಲೆ ಚೆನ್ನಾಗಿ ನಡೆಯುವ ಜೈವಿಕ ಕವಾಟಗಳು ಮಕ್ಕಳಲ್ಲೂ ಹರೆಯದವರಲ್ಲೂ ಕೆಲವೇ ವರ್ಷಗಳಲ್ಲಿ ಸುಣ್ಣಗಟ್ಟಿ ಗಡುಸಾಗುವುದು ವೈದ್ಯರ ಗಮನಕ್ಕೆ ಬಂದಿತು. ಬಾಸ್ಟನ್ನಿನಲ್ಲಿ ರಾಬರ್ಟ್ ಲೆವಿ, ಫ್ರೆಡರಿಕ್ ಶೋಯೆನ್ ಮತ್ತು ಸಹೋದ್ಯೋಗಿಗಳು 1980ರ ದಶಕದ ಆರಂಭದಿಂದ ಎಳೆಯ ಇಲಿಗಳ ಚರ್ಮದಡಿಯಲ್ಲಿ ಸ್ಥಿರಗೊಳಿಸಿದ ಅಂಗಾಂಶದ ಚೂರುಗಳನ್ನು ಹೂತು ನಡೆಸಿದ ಪ್ರಯೋಗಗಳು, ಸುಣ್ಣಗಟ್ಟುವಿಕೆ ಸತ್ತ ಜೀವಕೋಶಗಳ ಪೊರೆಯಲ್ಲಿನ ಫಾಸ್ಫೊಲಿಪಿಡ್‌ಗಳ ಸುತ್ತ ಮೊದಲಾಗುತ್ತದೆ ಎಂದೂ, ಗ್ಲುಟರಾಲ್ಡಿಹೈಡ್ ಸ್ಥಿರೀಕರಣವೇ ಅದಕ್ಕೆ ಅನುಕೂಲ ಮಾಡಿಕೊಡುತ್ತದೆ ಎಂದೂ ತಿಳಿಸಿದವು. ಅಲ್ಲಿಗೆ ಪ್ರಶ್ನೆಯೇ ತಿರುವು ಪಡೆಯಿತು. ಸಾಕಷ್ಟು ಹೀರಿತೇ ಎಂದು ಕೇಳುತ್ತಿದ್ದವರು, ಹೀರಿದ್ದರಲ್ಲಿ ಬಿಡಿಯಾಗಿ ಉಳಿದದ್ದೆಷ್ಟು ಎಂದು ಕೇಳತೊಡಗಿದರು, ಏಕೆಂದರೆ ಒಂದು ಕೈ ಖಾಲಿ ಉಳಿದ ಆಲ್ಡಿಹೈಡ್ ಜೀವಕೋಶಗಳಿಗೆ ವಿಷವಾಗುತ್ತದೆ, ಕ್ಯಾಲ್ಸಿಯಂ ಕೂಡುವುದಕ್ಕೂ ನೆಲೆಯಾಗಬಹುದು. ಕವಾಟವನ್ನು ಸೀಸೆಯಿಂದ ತೆಗೆದು, ಹೊಲಿಯುವ ಮೊದಲು ಒಂದಾದ ಮೇಲೊಂದರಂತೆ ಲವಣಜಲದ ಬಟ್ಟಲುಗಳಲ್ಲಿ ಅಲ್ಲಾಡಿಸಿ ತೊಳೆಯುವುದು ಶಸ್ತ್ರಚಿಕಿತ್ಸೆಯ ಕೊಠಡಿಯ ಕಡ್ಡಾಯ ಕ್ರಮವಾದದ್ದು ಈ ಉಳಿಕೆಯ ಭಯದಿಂದಲೇ. ತೊಳೆದ ನೀರಿಗೆ ಇಳಿದುಬರುವ ಆಲ್ಡಿಹೈಡ್‌ನ್ನು ಹತ್ತುಲಕ್ಷಕ್ಕೆ ಒಂದು ಭಾಗದ ಮಟ್ಟದಲ್ಲಿ ಪತ್ತೆಮಾಡಲು ಕ್ರೊಮಟೊಗ್ರಫಿ ಯಂತ್ರಗಳು ಬಂದವು. ಆಲ್ಫಾ-ಅಮೈನೋ ಓಲಿಯಿಕ್ ಆಮ್ಲದಂಥ ಪದಾರ್ಥಗಳಿಂದ ಖಾಲಿ ಕೈಗಳನ್ನು ಮುಚ್ಚುವ, ಆಲ್ಕೊಹಾಲಿನಿಂದ ಫಾಸ್ಫೊಲಿಪಿಡ್ ತೆಗೆಯುವ, ಕವಾಟವನ್ನು ಆಲ್ಡಿಹೈಡ್ ದ್ರಾವಣದ ಬದಲು ಗ್ಲಿಸರಾಲ್ ಬಳಸಿ ಒಣಗಿಸಿ ಇಡುವ ಕ್ರಮಗಳು ಒಂದೊಂದಾಗಿ ಬಳಕೆಗೆ ಬಂದವು.

ಭಾರತಕ್ಕೆ ಈ ಚರಿತ್ರೆಯ ಅರ್ಥ ಯುರೋಪಿಗಿಂತ ಬೇರೆ. ಇಲ್ಲಿ ಕವಾಟ ಕೆಡಲು ದೊಡ್ಡ ಕಾರಣ ವಯಸ್ಸಲ್ಲ, ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ. ಅದಕ್ಕೆ ಗುರಿಯಾಗುವವರು ಬಹುಪಾಲು ಎಳೆಯರು, ಬಡವರು. ಜೈವಿಕ ಕವಾಟ ಬೇಗ ಸುಣ್ಣಗಟ್ಟುವುದು ಎಳೆಯ ದೇಹದಲ್ಲೇ ಆದುದರಿಂದ, ಅದು ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಕಡಿಮೆ ಒದಗಿತು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ದೇಶೀಯ ಕವಾಟವೊಂದನ್ನು ರೂಪಿಸಲು ಹೊರಟಾಗ ಆರಿಸಿಕೊಂಡದ್ದು ಅಂಗಾಂಶವನ್ನಲ್ಲ, ಲೋಹದ ಚೌಕಟ್ಟಿನೊಳಗೆ ಪ್ಲಾಸ್ಟಿಕ್ ತಟ್ಟೆ ಓಲಾಡುವ ಯಾಂತ್ರಿಕ ಕವಾಟವನ್ನು; 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಕರ್ನಾಟಕಕ್ಕೆ ಬಂದು, ಕೊನೆಯವರೆಗೆ ಅಲ್ಲಿಯೇ ನೆಲೆಸಿದರು. ಗುಜರಾತಿನ ವಾಪಿಯಲ್ಲಿ ತಯಾರಾಗುವ ಹೊರಪೊರೆಯ ಕವಾಟ ಸಹ ಈಚಿನ ವರ್ಷಗಳಲ್ಲಿ ಭಾರತದ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ, ಆದರೆ ರಕ್ತನಾಳದ ಮೂಲಕ ಕೂರಿಸುವ ಇಂಥ ಕವಾಟಗಳು ಹೆಚ್ಚಾಗಿ ವೃದ್ಧರಿಗಾಗಿ.

ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇಂದು ಹೊಸ ಜೈವಿಕ ಕವಾಟವೊಂದು ಮಾರುಕಟ್ಟೆಗೆ ಬರುವ ಮೊದಲು ಯಂತ್ರದಲ್ಲಿ 20 ಕೋಟಿ ಬಾರಿ ತೆರೆದು ಮುಚ್ಚಿ ತೋರಿಸಬೇಕು. ಅದು ಮನುಷ್ಯನ ಹೃದಯದ ಸುಮಾರು ಐದು ವರ್ಷದ ಕೆಲಸಕ್ಕೆ ಸಮ. ಆ ಯಂತ್ರದಲ್ಲಿ ಹರಿಯುವುದು ರಕ್ತವಲ್ಲವಾದುದರಿಂದ ಸುಣ್ಣಗಟ್ಟುವಿಕೆಯ ಬಗ್ಗೆ ಅದು ಏನನ್ನೂ ಹೇಳದು, ಆ ಭಾಗವನ್ನು ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಬಿಡಲಾಗಿದೆ. ಸ್ಥಿರೀಕಾರಕದ ಹೀರಿಕೆ, ಉಳಿದ ಅಮೈನೋ ಗುಂಪು, ಕುಗ್ಗುವ ಉಷ್ಣತೆ, ಬಿಡಿ ಆಲ್ಡಿಹೈಡ್ ಇವನ್ನೆಲ್ಲ ತಯಾರಕರು ಪ್ರತಿ ತಂಡದ ಅಂಗಾಂಶದಲ್ಲಿಯೂ ಅಳೆದು ದಾಖಲಿಸಬಲ್ಲರು. ಆ ಅಂಕಿಗಳನ್ನು ನೋಡಿ ಹದಿನೆಂಟು ವರ್ಷದ ರೋಗಿಯೊಬ್ಬಳ ಎದೆಯಲ್ಲಿ ಆ ಕವಾಟ ಎಷ್ಟು ವರ್ಷ ನಡೆಯುತ್ತದೆ ಎಂದು ಮುಂಚಿತವಾಗಿ ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ.